ಮಂಡಿ ಸವೆತಕ್ಕೆ ಡಬ್ಬದ ಪುಡಿಯೇ, ಹಿತ್ತಲ ಸೊಪ್ಪೇ?



ಈ ಪುಟಕ್ಕೆ ಬರುವ ಕಾಗದಗಳಲ್ಲಿ ರಾಗಿಯ ಬೆಂಕಿರೋಗ, ಟೊಮ್ಯಾಟೊ ಎಲೆಮುದುರು, ಬತ್ತಿದ ಕೊಳವೆಬಾವಿ ಇವುಗಳ ಮಾತೇ ಹೆಚ್ಚು. ಆದರೆ ಈಚೆಗೆ ಬೇರೊಂದು ಪ್ರಶ್ನೆ ಮೇಲಿಂದ ಮೇಲೆ ಬರುತ್ತಿದೆ. ಮಂಡಿ ಸವೆದಿದೆ ಎಂದು ವೈದ್ಯರು ಹೇಳಿದ್ದಾರೆ, ಆಂಟಿಆಕ್ಸಿಡೆಂಟ್ ಎಂಬ ಪುಡಿಯನ್ನು ತಿಂದರೆ ಸವೆದದ್ದು ಮತ್ತೆ ಬೆಳೆಯುತ್ತದೆಯಂತೆ, ನಿಜವೇ? ವೈದ್ಯಕೀಯ ನಮ್ಮ ಇಲಾಖೆಯ ಕೆಲಸವಲ್ಲ. ಬಿ.ಎಸ್ಸಿ. ಕೃಷಿ ಓದಿದವನಿಗೆ ಮಂಡಿಯ ಉಸಾಬರಿ ಏಕೆ ಎಂದು ಯಾರಾದರೂ ಕೇಳಿದರೆ ತಪ್ಪಲ್ಲ. ಆದರೂ ಇದನ್ನು ಬರೆಯುವುದಕ್ಕೆ ಕಾರಣವಿದೆ. ಆ ಡಬ್ಬದಲ್ಲಿ ಇದೆ ಎಂದು ಹೇಳುವ ವಸ್ತುಗಳಲ್ಲಿ ಮುಕ್ಕಾಲು ಪಾಲು ನಾವೇ ಬೆಳೆದು, ನಾವೇ ಹೊತ್ತು ತಂದು ಮಾರುವಂಥವು.

ಹೋದ ತಿಂಗಳು ಕೃಷ್ಣರಾಜಪುರದ ಸಂತೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಬಿದರಹಳ್ಳಿ ಹೋಬಳಿಯ ಕಡೆಯಿಂದ ಬರುವ ಹಿರಿಯ ಹೆಣ್ಣುಮಗಳೊಬ್ಬರು ದಂಟು, ಮೆಂತ್ಯ, ಸಬ್ಬಸಿಗೆ ಕಟ್ಟುಗಳನ್ನು ಗೋಣಿಯ ಮೇಲೆ ಹರವಿಕೊಂಡು ಕೂತಿದ್ದರು. ನನ್ನನ್ನು ಕಂಡು ಏಳಲು ಹೋದವರು ಮಂಡಿ ಹಿಡಿದುಕೊಂಡು ಹಾಗೇ ಕೂತರು. ಸೆರಗಿನ ಮರೆಯಿಂದ ಒಂದು ಡಬ್ಬ ತೆಗೆದು, "ಮೊಮ್ಮಗ ಇಂದ್ರಾನಗರದಿಂದ ತಂದವ್ನೆ ಸಾರ್. ಇದನ್ನ ತಿಂದ್ರೆ ಮಂಡಿಚಿಪ್ಪು ತಿರ್ಗಾ ಬೆಳೀತದಂತೆ. ದಿಟವಾ?" ಎಂದರು. ಬೆಲೆ ನೋಡಿದೆ, ಎರಡು ಸಾವಿರ ರೂಪಾಯಿಗೆ ಸ್ವಲ್ಪವೇ ಕಡಿಮೆ. ಮೇಲೆ ಬರೆದಿದ್ದ ಸಾಮಾನುಗಳನ್ನು ಓದಿದೆ: ನೆಲ್ಲಿಕಾಯಿ, ನುಗ್ಗೆ ಸೊಪ್ಪು, ಅರಿಶಿನ, ದ್ರಾಕ್ಷಿ ಬೀಜ. "ಮನೇಲಿ ಏನು ಸಾರು ಮಾಡಿದ್ರಿ ಅಮ್ಮ?" ಎಂದು ಕೇಳಿದೆ. "ಸೊಪ್ಪೆಲ್ಲ ಮಾರೋಕೇ ಆಯ್ತದೆ ಸಾರ್. ನಮ್ಗೆ ಸೊಸೈಟಿ ಅಕ್ಕಿ ಅನ್ನ, ಬೇಳೆ ತಿಳಿ" ಎಂದರು. ಉತ್ತರ ಹೇಳಲು ನನಗೆ ಕೂಡಲೇ ತೋಚಲಿಲ್ಲ. ಈ ಬರಹ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಮೊದಲು ಆ ಆಂಟಿಆಕ್ಸಿಡೆಂಟ್ ಎಂಬುದೇನೆಂದು ನೋಡೋಣ. ಮಳೆಯಲ್ಲಿ ಬಿಟ್ಟ ನೇಗಿಲ ಗುಳ ತುಕ್ಕು ಹಿಡಿಯುತ್ತದೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುತ್ತದೆ. ಮುಚ್ಚಳ ತೆಗೆದಿಟ್ಟ ಕಡಲೆಕಾಯಿ ಎಣ್ಣೆ ಕಮಟು ಹತ್ತುತ್ತದೆ. ಮೂರಕ್ಕೂ ಕಾರಣ ಗಾಳಿಯಲ್ಲಿರುವ ಆಮ್ಲಜನಕ. ಇದಕ್ಕೆ ಉತ್ಕರ್ಷಣ ಎಂದು ಹೆಸರು. ಜೀವ ಉಳಿಸುವ ಆಮ್ಲಜನಕವೇ ಹದ ತಪ್ಪಿದರೆ ಸುಡುತ್ತದೆ.

ಇದನ್ನು ಹೊಲದಲ್ಲಿ ಕಣ್ಣಾರೆ ನೋಡಬೇಕಾದರೆ ಪ್ಯಾರಾಕ್ವಾಟ್ ಎಂಬ ಕಳೆನಾಶಕ ಬಿದ್ದ ಎಲೆಯನ್ನು ನೋಡಬೇಕು. ಹಸಿರೆಲೆ ಬಿಸಿಲಿನ ಶಕ್ತಿಯನ್ನು ಹಿಡಿದು ಆಹಾರ ಮಾಡುವ ಜಾಗದಲ್ಲೇ ಈ ವಿಷ ಕೈ ಹಾಕಿ, ಆ ಶಕ್ತಿಯನ್ನು ಕದ್ದು ಆಮ್ಲಜನಕಕ್ಕೆ ದಾಟಿಸುತ್ತದೆ. ಆಗ ಹುಟ್ಟುವ ಉಗ್ರ ಆಮ್ಲಜನಕ ಎಲೆಯ ಜೀವಕೋಶಗಳ ಪೊರೆಯನ್ನು ಸುಟ್ಟುಬಿಡುತ್ತದೆ. ಬಿಸಿಲು ಜೋರಾದಷ್ಟೂ ಎಲೆ ಬೇಗ ಕರಕಲಾಗುವುದು ಈ ಕಾರಣದಿಂದಲೇ. ಮನುಷ್ಯನ ಹೊಟ್ಟೆ ಸೇರಿದರೂ ಅದು ಮಾಡುವುದು ಈ ಕೆಲಸವನ್ನೇ, ಅದಕ್ಕೆ ಪ್ರತಿವಿಷವಿಲ್ಲ. ಆ ಬಾಟಲಿಯನ್ನು ಮಕ್ಕಳ ಕೈಗೆಟುಕುವಲ್ಲಿ ಇಡಬೇಡಿ ಎಂದು ಎಷ್ಟು ಸಲ ಹೇಳಿದರೂ ಸಾಲದು.

ನಮ್ಮ ಮೈಯೊಳಗಿನ ಪ್ರತಿ ಜೀವಕೋಶದಲ್ಲೂ ಒಂದು ಒಲೆಯಿದೆ. ಉಂಡದ್ದನ್ನು ಉರಿಸಿ ಶಕ್ತಿ ಕೊಡುವ ಒಲೆ. ಒಲೆ ಉರಿಯುವಾಗ ಒಂದೆರಡು ಕಿಡಿ ಹಾರುವುದು ಸಹಜ. ಆ ಕಿಡಿಗಳನ್ನು ಆರಿಸುವುದಕ್ಕೆ ದೇಹವೇ ಕಾವಲು ಇಟ್ಟುಕೊಂಡಿದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಮೆಕಾರ್ಡ್ ಮತ್ತು ಫ್ರಿಡೋವಿಚ್ ಎಂಬ ವಿಜ್ಞಾನಿಗಳು 1969ರಲ್ಲಿ ದನದ ರಕ್ತದ ಕಣಗಳಿಂದ ಬೇರ್ಪಡಿಸಿದ ಒಂದು ಕಿಣ್ವ ಈ ಕಾವಲುಗಾರರಲ್ಲಿ ಮುಖ್ಯವಾದುದು. ಅದು ಕೆಲಸ ಮಾಡಬೇಕಾದರೆ ತಾಮ್ರ ಮತ್ತು ಸತು ಬೇಕು. ಅದರ ಸೋದರ ಕಿಣ್ವಕ್ಕೆ ಮ್ಯಾಂಗನೀಸ್ ಬೇಕು. ಭತ್ತಕ್ಕೆ, ಮುಸುಕಿನ ಜೋಳಕ್ಕೆ ಸತುವಿನ ಸಲ್ಫೇಟ್ ಹಾಕಿ ಎಂದು ನಾವು ಹೇಳುವ ಲಘು ಪೋಷಕಾಂಶಗಳೇ ಇವು. ಆಹಾರದಿಂದ ಬರುವ ಸಿ ಮತ್ತು ಇ ಜೀವಸತ್ವಗಳು, ಸೊಪ್ಪು ಹಣ್ಣುಗಳ ಬಣ್ಣ ಒಗರುಗಳು ಈ ಕಾವಲಿಗೆ ಸಹಾಯಕ್ಕೆ ನಿಲ್ಲುತ್ತವೆ. ಇವುಗಳಿಗೇ ಉತ್ಕರ್ಷಣ ನಿರೋಧಕಗಳು, ಅಂದರೆ ಆಂಟಿಆಕ್ಸಿಡೆಂಟುಗಳು ಎಂಬ ಹೆಸರು. ಕಿಡಿ ಹೆಚ್ಚಾಗಿ ಕಾವಲು ಸಾಲದೇ ಹೋದ ಸ್ಥಿತಿಯೇ ಉತ್ಕರ್ಷಣದ ಒತ್ತಡ.

ಇನ್ನು ಮಂಡಿಗೆ ಬರೋಣ. ಗಾಡಿಯ ಅಚ್ಚಿಗೆ ಹಾಕುವ ಎಣ್ಣೆಗೆ ನಮ್ಮವರು ಕೀಲೆಣ್ಣೆ ಎಂದೇ ಹೆಸರಿಟ್ಟಿದ್ದಾರೆ. ಮಂಡಿಯ ಕೀಲಿನಲ್ಲೂ ಅಂಥದೊಂದು ದ್ರವವಿದೆ. ಎರಡು ಮೂಳೆಗಳ ತುದಿಗೆ ಎಳನೀರಿನ ಗಂಜಿಯಂತೆ ನುಣುಪಾದ, ಆದರೆ ಗಟ್ಟಿಯಾದ ಮೆತ್ತೆಯಿದೆ. ಅದೇ ಮೃದ್ವಸ್ಥಿ. ಈ ಮೆತ್ತೆಗೆ ರಕ್ತನಾಳಗಳಿಲ್ಲ. ಕಾಲೂರಿದಾಗ ಹಿಂಡಿಕೊಂಡು, ಎತ್ತಿದಾಗ ಕೀಲಿನ ದ್ರವವನ್ನು ಹೀರಿಕೊಂಡು ಅದು ಬದುಕುತ್ತದೆ. ಆದ್ದರಿಂದಲೇ ಒಮ್ಮೆ ಹಾಳಾದರೆ ಕೈಯ ಗಾಯದಂತೆ ಬೇಗ ಕೂಡಿಕೊಳ್ಳುವುದಿಲ್ಲ. ವಯಸ್ಸು, ತೂಕ, ಹಳೆಯ ಪೆಟ್ಟು, ದುಡಿಮೆಯ ಭಾರ, ಮನೆತನದ ಗುಣ ಇವೆಲ್ಲ ಸೇರಿ ಮೆತ್ತೆ ಸವೆಯುವುದನ್ನೇ ಕೀಲುಸವೆತ ಎನ್ನುತ್ತಾರೆ. ಬರೀ ಗಾಡಿಯ ಅಚ್ಚು ಸವೆದಂತೆ ಇದೆಂದು ಬಹಳ ಕಾಲ ತಿಳಿಯಲಾಗಿತ್ತು. ಈಗ ತಿಳಿದಿರುವುದೇನೆಂದರೆ ಮೆತ್ತೆಯ ಜೀವಕೋಶಗಳ ಮೇಲೆ ಭಾರ ಹೆಚ್ಚಿದಾಗ, ವಯಸ್ಸಾಗಿ ಅವುಗಳ ಕಾವಲು ಕುಗ್ಗಿದಾಗ, ಕಿಡಿಗಳು ಹೆಚ್ಚಾಗಿ ಆ ಕೋಶಗಳೇ ಮೆತ್ತೆಯನ್ನು ಕರಗಿಸುವ ಕಿಣ್ವಗಳನ್ನು ಸುರಿಸಲು ತೊಡಗುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಉರಿಯೂತ ಅದರ ಜೊತೆಗೆ ಸೇರುತ್ತದೆ.

2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಮ್ಮ ದೇಶದ ಐದು ಕಡೆ ಪರೀಕ್ಷಿಸಿದವರಲ್ಲಿ ನೂರಕ್ಕೆ 28ಕ್ಕೂ ಹೆಚ್ಚು ಜನರಿಗೆ ಮಂಡಿ ಸವೆತವಿದೆ ಎಂದು ಕಂಡಿತು. ಹೆಂಗಸರಲ್ಲಿ ಇದು ಹೆಚ್ಚು. ಅವರೇ ತಾನೆ ಕುಕ್ಕರಗಾಲಿನಲ್ಲಿ ಕೂತು ಕಳೆ ಕೀಳುವವರು.

ಹಾಗಾದರೆ ಕಿಡಿಯಿಂದ ಕೆಡುತ್ತದೆ ಎಂದಮೇಲೆ ಕಿಡಿ ಆರಿಸುವ ಪುಡಿ ತಿಂದರೆ ಗುಣವಾಗಬೇಕಲ್ಲ? ಡಬ್ಬ ಮಾರುವವರ ವಾದ ಇದೇ. ಕೇಳುವುದಕ್ಕೆ ಸರಿಯಾಗಿಯೇ ಇದೆ. ಆದರೆ ಪ್ರಯೋಗ ಮಾಡಿ ನೋಡಿದವರಿಗೆ ಸಿಕ್ಕಿದ ಉತ್ತರ ಬೇರೆ.

ಅಮೆರಿಕದ ಫ್ರೇಮಿಂಗ್‌ಹ್ಯಾಂ ಎಂಬ ಊರಿನ ಜನರನ್ನು ವರ್ಷಗಟ್ಟಲೆ ಗಮನಿಸಿದ ಸಂಶೋಧಕರು 1996ರಲ್ಲಿ ಒಂದು ವರದಿ ಕೊಟ್ಟರು. ಸಿ ಜೀವಸತ್ವವನ್ನು ಹೆಚ್ಚಾಗಿ ಸೇವಿಸುತ್ತಿದ್ದವರಲ್ಲಿ ಆಗಲೇ ಬಂದಿದ್ದ ಮಂಡಿ ಸವೆತ ಮುಂದುವರಿಯುವ ಸಂಭವ ಸುಮಾರು ಮೂರನೇ ಒಂದು ಪಾಲಿಗೆ ಇಳಿದಿತ್ತು. ಆದರೆ ಸವೆತ ಹೊಸದಾಗಿ ಬರುವುದೇನೂ ತಪ್ಪಿರಲಿಲ್ಲ. ಇದು ಗಮನಿಸಿ ಬರೆದದ್ದೇ ಹೊರತು ಕೊಟ್ಟು ನೋಡಿದ್ದಲ್ಲ. ಹಣ್ಣು ತಿನ್ನುವವರು ಬೇರೆ ರೀತಿಯಲ್ಲೂ ಹಿತವಾಗಿ ಬದುಕುವವರಾಗಿರಬಹುದು. ಆಸ್ಟ್ರೇಲಿಯದ ಮೆಲ್ಬೋರ್ನ್‌ನಲ್ಲಿ ಕೊಟ್ಟೇ ನೋಡಿದರು. ಮಂಡಿ ಸವೆದವರಲ್ಲಿ ಕೆಲವರಿಗೆ ಇ ಜೀವಸತ್ವದ ಗುಳಿಗೆ, ಕೆಲವರಿಗೆ ಬರೀ ತೋರಿಕೆಯ ಗುಳಿಗೆ, ಎರಡು ವರ್ಷ. 2002ರಲ್ಲಿ ಬಂದ ಫಲಿತಾಂಶದಲ್ಲಿ ಮೆತ್ತೆಯ ಸವೆತ ಎರಡು ಗುಂಪಿನಲ್ಲೂ ಒಂದೇ ಸಮ.

ಇದಕ್ಕಿಂತ ಸ್ವಾರಸ್ಯದ ಸಂಗತಿ ಗಿನಿಇಲಿಗಳದು. ಹಸು, ಮೇಕೆ, ನಾಯಿ ಇವೆಲ್ಲ ತಮಗೆ ಬೇಕಾದ ಸಿ ಜೀವಸತ್ವವನ್ನು ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ಮನುಷ್ಯ ಮತ್ತು ಗಿನಿಇಲಿ ಮಾತ್ರ ಆ ವಿದ್ಯೆ ಕಳೆದುಕೊಂಡ ಕೆಲವೇ ಪ್ರಾಣಿಗಳ ಪಟ್ಟಿಯಲ್ಲಿವೆ. ವಯಸ್ಸಾದಂತೆ ಗಿನಿಇಲಿಗೂ ತಾನಾಗಿ ಮಂಡಿ ಸವೆಯುತ್ತದೆ. ಆದ್ದರಿಂದ ನಮಗೆ ಹೋಲಿಸಲು ಅದು ಒಳ್ಳೆಯ ಪ್ರಾಣಿ. ಅವುಗಳಿಗೆ ತಿಂಗಳುಗಟ್ಟಲೆ ಸಿ ಜೀವಸತ್ವವನ್ನು ಕಡಿಮೆ, ಮಧ್ಯಮ, ಅತಿ ಹೆಚ್ಚು ಎಂದು ಮೂರು ಪ್ರಮಾಣದಲ್ಲಿ ಕೊಟ್ಟು ನೋಡಿದ ಡ್ಯೂಕ್ ವಿಶ್ವವಿದ್ಯಾನಿಲಯದ ತಂಡ 2004ರಲ್ಲಿ ತಿಳಿಸಿದ್ದೇನು ಗೊತ್ತೇ? ಅತಿ ಹೆಚ್ಚು ಕೊಟ್ಟ ಇಲಿಗಳ ಮಂಡಿಯೇ ಹೆಚ್ಚು ಕೆಟ್ಟಿತ್ತು. ಯೂರಿಯಾ ಒಂದು ಹಿಡಿ ಹಾಕಿದರೆ ಬೆಳೆ ಹಸಿರಾಗುತ್ತದೆಂದು ಒಂದು ಚೀಲ ಸುರಿದವರ ಹೊಲ ಏನಾಗುತ್ತದೆಂದು ನಮ್ಮ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಅರಿಶಿನದ ವಿಷಯದಲ್ಲಿ ಮಾತ್ರ ಸ್ವಲ್ಪ ಒಳ್ಳೆಯ ಸುದ್ದಿಯಿದೆ. ಥಾಯ್ಲೆಂಡಿನಲ್ಲಿ 367 ಜನರ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ ಒಂದೂವರೆ ಗ್ರಾಂ ಅರಿಶಿನದ ಸಾರ ನಾಲ್ಕು ವಾರಗಳಲ್ಲಿ ಐಬುಪ್ರೊಫೆನ್ ಮಾತ್ರೆಗೆ ಕಡಿಮೆಯಿಲ್ಲದಂತೆ ನೋವು ಇಳಿಸಿತು. 2020ರಲ್ಲಿ ಟಾಸ್ಮೇನಿಯಾದಿಂದ ಬಂದ 70 ಜನರ ಪ್ರಯೋಗದಲ್ಲೂ ನೋವು ತಗ್ಗಿತು. ಆದರೆ ಕೀಲಿನ ಊತವಾಗಲಿ ಮೆತ್ತೆಯ ಸ್ಥಿತಿಯಾಗಲಿ ಬದಲಾಗಲಿಲ್ಲ. ಅಂದರೆ ನೋವಿಗೆ ಒಂದಿಷ್ಟು ಉಪಶಮನ ಉಂಟು, ಸವೆದದ್ದು ಬೆಳೆಯುವುದಿಲ್ಲ. ಇದೂ ಸಾರ ತೆಗೆದ ಅರಿಶಿನದ ಮಾತು. ಒಗ್ಗರಣೆಗೆ ಹಾಕುವ ಚಿಟಿಕೆ ಪುಡಿಯಲ್ಲಿ ಆ ಅಂಶ ನೂರಕ್ಕೆ ಮೂರು ಪಾಲಿನಷ್ಟೇ. ರಕ್ತ ತೆಳುವಾಗಲು ಮಾತ್ರೆ ನುಂಗುವವರು, ಪಿತ್ತಕೋಶದಲ್ಲಿ ಕಲ್ಲಿರುವವರು ವೈದ್ಯರನ್ನು ಕೇಳದೆ ಸಾರದ ಗುಳಿಗೆ ತಿನ್ನಬಾರದು. ಅಡುಗೆಗೂ ಕೊಂಬು ತಂದು ಪುಡಿ ಮಾಡಿಸಿಕೊಳ್ಳುವುದೇ ಲೇಸು. ಬಣ್ಣಕ್ಕೆಂದು ಸೀಸದ ಕ್ರೋಮೇಟ್ ಬೆರೆಸುವ ದುಷ್ಟರು ಈ ವ್ಯಾಪಾರದಲ್ಲಿ ಉಂಟು.

ಹೀಗಿರುವಾಗ ಸೊಪ್ಪು ಹಣ್ಣು ತಿನ್ನಿ ಎಂದು ಹೇಳುವುದೇಕೆ ಎಂದು ಕೇಳಬಹುದು. ಮಂಡಿ ಬೆಳೆಯುತ್ತದೆಂದು ಅಲ್ಲ. ದೇಹದ ಕಾವಲಿಗೆ ಬೇಕಾದಷ್ಟಾದರೂ ನಿತ್ಯದ ಊಟದಿಂದ ಬರಲೆಂದು, ಎರಡು ಸಾವಿರ ರೂಪಾಯಿ ಮನೆಯಲ್ಲಿ ಉಳಿಯಲೆಂದು. ಗಂಡಸಿಗೆ ದಿನಕ್ಕೆ 80, ಹೆಂಗಸಿಗೆ 65 ಮಿಲಿಗ್ರಾಂ ಸಿ ಜೀವಸತ್ವ ಸಾಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ನೂರು ಗ್ರಾಂ ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಮಿಗೂ ಹೆಚ್ಚು ಇದೆ. ಹಿತ್ತಲಿನ ಒಂದು ಸೀಬೆಹಣ್ಣಿಗೆ ಆ ಡಬ್ಬ ಸಮನಲ್ಲ. ನೆಲ್ಲಿಕಾಯಿಯ ವಿಷಯ ಹೇಳುವುದೇ ಬೇಡ. ನುಗ್ಗೆ, ದಂಟು, ಹೊನಗನ್ನೆ, ಹೊಲದ ಬದುವಿನಲ್ಲಿ ಬಿಟ್ಟಿ ಸಿಗುವ ಬೆರಕೆ ಸೊಪ್ಪು ಇವುಗಳ ಬಸ್ಸಾರು ಮಾಡುವ ನಮ್ಮ ಪದ್ಧತಿ ಒಳ್ಳೆಯದು. ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೇ ಬಳಸುವುದರಿಂದ ಸತ್ವ ಚರಂಡಿಗೆ ಹೋಗುವುದಿಲ್ಲ. ಆದರೂ ಸಿ ಜೀವಸತ್ವ ಬೆಂಕಿಗೆ ಬಹಳ ಮಟ್ಟಿಗೆ ಕೆಡುವುದರಿಂದ ಇಳಿಸಿದ ಮೇಲೆ ಒಂದು ಹೋಳು ನಿಂಬೆ ಹಿಂಡಿಕೊಳ್ಳಬೇಕು.

ರಾಗಿಯ ಮಾತು ಬರದೆ ಈ ಪುಟ ಮುಗಿಯುವುದುಂಟೇ! ರಾಗಿಯ ಕೆಂಪು ಸಿಪ್ಪೆಯಲ್ಲೇ ಅದರ ಉತ್ಕರ್ಷಣ ನಿರೋಧಕಗಳ ಹೆಚ್ಚಿನ ಪಾಲು ಇರುವುದು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು ಈ ಸಿಪ್ಪೆಯ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಪಟ್ಟಣದವರ ಕಣ್ಣಿಗೆ ಬೆಳ್ಳಗೆ ಕಾಣಲೆಂದು ಸಣ್ಣ ಜರಡಿಯಲ್ಲಿ ಸೋಸಿ ತೌಡು ಎಸೆದರೆ ಉಳಿಯುವುದು ಹೆಚ್ಚಾಗಿ ಪಿಷ್ಟವೇ. ನೂರು ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ 364 ಮಿಲಿಗ್ರಾಂ, ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ಸೊಸೈಟಿ ಅಕ್ಕಿ ಬೇಡವೆಂದಲ್ಲ, ಒಂದು ಹೊತ್ತಾದರೂ ಮುದ್ದೆ ಇರಲಿ. ಬೆಂಗಳೂರು ನೀಲಿ ದ್ರಾಕ್ಷಿಯ ಸಿಪ್ಪೆಯ ಬಣ್ಣವೂ ಇದೇ ಜಾತಿಯದು. ಸಿಪ್ಪೆ ಉಗಿಯಬೇಡಿ.

ಇಲ್ಲಿ ಒಂದು ಎಚ್ಚರಿಕೆ. ಬೆಳ್ಳಂದೂರು, ವರ್ತೂರು ಕೆರೆಗಳ ನೊರೆಯನ್ನು ಇಡೀ ದೇಶ ನೋಡಿದೆ. ಅಂಥ ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪಿನಲ್ಲಿ ಸೀಸ, ಕ್ಯಾಡ್ಮಿಯಂ ಸೇರಿಕೊಳ್ಳುತ್ತವೆ. ಈ ಲೋಹಗಳು ಮೈಯಲ್ಲಿ ಕಿಡಿ ಹೆಚ್ಚಿಸುವಂಥವೇ. ತೊಳೆದರೆ ಹೋಗುವಂಥವಲ್ಲ. ಶುದ್ಧ ನೀರಿನ ಸೊಪ್ಪಿಗೆ ರಸೆಲ್ ಮಾರುಕಟ್ಟೆಯಲ್ಲಾಗಲಿ ಹಲಸೂರಿನಲ್ಲಾಗಲಿ ಒಂದು ರೂಪಾಯಿ ಹೆಚ್ಚು ಸಿಗುವ ವ್ಯವಸ್ಥೆ ಇದುವರೆಗೆ ಆಗಿಲ್ಲ. ಇದು ಬೆಳೆಗಾರನ ತಪ್ಪಲ್ಲ. ಊರಿನ ಕೊಳಚೆಯನ್ನು ಅವನ ಕಾಲುವೆಗೆ ಬಿಟ್ಟವರು ಯಾರು ಎಂಬುದು ಬೇರೆ ಸಂಪಾದಕೀಯಕ್ಕೆ ವಿಷಯ.

ಈಗ ಡಬ್ಬಕ್ಕಿಂತಲೂ ಸೊಪ್ಪಿಗಿಂತಲೂ ಮುಖ್ಯವಾದ ಮಾತು. ಮಂಡಿಗೆ ಖಚಿತವಾಗಿ ಹಿತ ಮಾಡುವ ಮದ್ದುಗಳೆರಡು, ಎರಡಕ್ಕೂ ದುಡ್ಡಿಲ್ಲ. ಒಂದು, ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ. ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತು, ಒಂದು ಕಾಲನ್ನು ನೇರವಾಗಿ ಚಾಚಿ, ಹತ್ತು ಎಣಿಸುವವರೆಗೆ ಹಿಡಿದು, ಮೆಲ್ಲನೆ ಇಳಿಸುವುದು. ಕಾಲಿಗೆ ಹತ್ತು ಸಲ, ಬೆಳಿಗ್ಗೆ ಸಂಜೆ. "ಹೊಲದಲ್ಲಿ ದುಡಿಯುವವರಿಗೆ ವ್ಯಾಯಾಮ ಬೇರೆ ಬೇಕೇ?" ಎಂದು ನಗುವವರುಂಟು. ಬೇಕು. ದುಡಿಮೆ ಕೀಲನ್ನು ಸವೆಸುತ್ತದೆ, ಇದು ಕೀಲನ್ನು ಹಿಡಿದು ನಿಲ್ಲಿಸುವ ಸ್ನಾಯುವನ್ನು ಬೆಳೆಸುತ್ತದೆ. ನೋವೆಂದು ಮಂಚ ಹಿಡಿದರೆ ಮೆತ್ತೆಗೆ ಆಹಾರವೇ ಹೋಗದೆ ಇನ್ನೂ ಕೆಡುತ್ತದೆ. ಎರಡನೆಯದು ಭಾರ ಇಳಿಸುವುದು. ದಪ್ಪಗಿರುವವರು ಒಂದು ಕಿಲೋ ತೂಕ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ನಾಲ್ಕು ಕಿಲೋ ಭಾರ ಕಡಿಮೆಯಾಗುತ್ತದೆಂದು ಅಮೆರಿಕದಲ್ಲಿ ಅಳೆದು 2005ರಲ್ಲಿ ತಿಳಿಸಿದ್ದಾರೆ. ನಮ್ಮ ಹೆಂಗಸರಲ್ಲಿ ಅನೇಕರಿಗೆ ಇಳಿಸಲು ಮೈತೂಕವೇ ಇಲ್ಲ. ಆದರೆ ತಲೆಯ ಮೇಲೆ ಹೊರೆಯಿದೆ. ಮೇವಿನ ಹೊರೆ, ಸೊಪ್ಪಿನ ಮೂಟೆ. ಕೃಷ್ಣರಾಜಪುರ ನಿಲ್ದಾಣದ ಮೆಟ್ಟಿಲುಗಳನ್ನು ಮೂಟೆ ಹೊತ್ತು ಇಳಿಯುವವರನ್ನು ನೋಡಿದ್ದೀರಲ್ಲ? ಹತ್ತುವುದಕ್ಕಿಂತ ಇಳಿಯುವುದೇ ಸವೆದ ಮಂಡಿಗೆ ಕಷ್ಟ.

ಕುಕ್ಕರಗಾಲಿನ ಮಾತು ಮೊದಲೇ ಬಂತು. ಚೀನದ ಬೀಜಿಂಗ್ ನಗರದ ಹಿರಿಯರನ್ನು ಪರೀಕ್ಷಿಸಿದ 2004ರ ಅಧ್ಯಯನದಲ್ಲಿ, ಇಪ್ಪತ್ತೈದರ ಪ್ರಾಯದಲ್ಲಿ ದಿನಕ್ಕೆ ಮೂರು ಗಂಟೆಗೂ ಮೇಲ್ಪಟ್ಟು ಕುಕ್ಕರಗಾಲಿನಲ್ಲಿ ಕೂತವರಿಗೆ ಮುಪ್ಪಿನಲ್ಲಿ ಮಂಡಿ ಸವೆತ ಹೆಚ್ಚಾಗಿ ಕಂಡಿತು. ನಮ್ಮಲ್ಲಿ ಕಳೆ ಕೀಳುವ ಹೆಣ್ಣಾಳು ಕೂರುವುದು ಮೂರು ಗಂಟೆಯೇ? ಬೆಳಗಿನಿಂದ ಸಂಜೆಯವರೆಗೆ! ಇಲ್ಲಿ ನಮ್ಮದೂ ತಪ್ಪಿದೆ. ಇಪ್ಪತ್ತು ವರ್ಷಗಳಿಂದ ಸಾಲಿನಿಂದ ಸಾಲಿಗೆ ಇಷ್ಟು ಅಂತರ, ಎಕರೆಗೆ ಇಷ್ಟು ಬೀಜ ಎಂದು ಹೇಳಿಕೊಂಡು ತಿರುಗಿದ ನಾನು, ಕಳೆ ಕೀಳುವವರ ಮಂಡಿ ಹೇಗಿದೆ ಎಂದು ಒಂದು ಸಲವೂ ಕೇಳಿರಲಿಲ್ಲ. ನಿಂತು ತಳ್ಳುವ ಸೈಕಲ್ ಎಡೆಕುಂಟೆ, ಉದ್ದ ಹಿಡಿಯ ಕಳೆವಾರೆ ಇವನ್ನು ನಾವು ಕೂಲಿ ಉಳಿಸುವ ಉಪಕರಣವೆಂದೇ ತೋರಿಸಿದೆವು. ಹೆಂಗಸರ ಮಂಡಿ ಉಳಿಸುವ ಉಪಕರಣವೆಂದು ತೋರಿಸಿದ್ದರೆ ಮನೆಯ ಗಂಡಸರಲ್ಲಿ ಒಬ್ಬಿಬ್ಬರಾದರೂ ಕೊಳ್ಳುತ್ತಿದ್ದರೇನೋ. ಎತ್ತಿನ ಕಾಲು ಕುಂಟಿದರೆ ಅದೇ ದಿನ ಪಶುವೈದ್ಯರಿಗೆ ಫೋನು ಮಾಡುವವರು ನಾವು.

ನೋವಿನ ಮಾತ್ರೆಯ ವಿಷಯ ಹೇಳಲೇಬೇಕು. ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡ ಮಾತ್ರೆಯನ್ನು ನನ್ನ ಸೋದರತ್ತೆ ಎರಡು ವರ್ಷ ನುಂಗಿದರು. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಿ ಆಸ್ಪತ್ರೆ ಸೇರಬೇಕಾಯಿತು. ಈ ಮಾತ್ರೆಗಳು ದಿನವೂ ನುಂಗಿದರೆ ಮೂತ್ರಪಿಂಡಕ್ಕೂ ಕೇಡು, ರಕ್ತದೊತ್ತಡ ಇರುವವರಿಗಂತೂ ಇನ್ನೂ ಹೆಚ್ಚು. ಹೆಸರಿಲ್ಲದ ಪೊಟ್ಟಣದ ಪುಡಿ ತಿಂದು ಎರಡೇ ದಿನಕ್ಕೆ ನೋವು ಮಾಯವಾದರೆ ಖುಷಿಪಡಬೇಡಿ, ಅನುಮಾನಪಡಿ. ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಕೀಲು ಬಿಸಿಯಾಗಿ ಕೆಂಪಗೆ ಊದಿದರೆ, ಜ್ವರವಿದ್ದರೆ, ಬೆಳಿಗ್ಗೆ ಎದ್ದ ಮೇಲೆ ಒಂದು ಗಂಟೆಗೂ ಹೆಚ್ಚು ಕೀಲುಗಳು ಬಿಗಿದಿದ್ದರೆ, ಅದು ಬರೀ ಸವೆತವಲ್ಲದಿರಬಹುದು. ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಶಿವಾಜಿನಗರಕ್ಕೆ ಸೊಪ್ಪು ತರುವವರಿಗೆ ಬೌರಿಂಗ್ ಆಸ್ಪತ್ರೆ ಮಾರುಕಟ್ಟೆಯಿಂದ ನಡೆದು ಹೋಗುವಷ್ಟು ಹತ್ತಿರ. ಮೂಟೆ ಇಳಿಸಿದ ಮೇಲೆ ಒಂದು ಬೆಳಿಗ್ಗೆ ಮೂಳೆ ವಿಭಾಗಕ್ಕೆ ಹೋಗಿಬರಬಹುದು.

ಆ ತಾಯಿಯನ್ನು ಮೊನ್ನೆ ಮತ್ತೆ ಸಂತೆಯಲ್ಲಿ ಕಂಡೆ. ಡಬ್ಬ ಮುಗಿದಿತ್ತು, ನೋವು ಮುಗಿದಿರಲಿಲ್ಲ. ಮೇಲೆ ಹೇಳಿದ್ದನ್ನೆಲ್ಲ ಸಣ್ಣದಾಗಿ ಹೇಳಿದೆ. ಗೋಣಿಯ ಮೇಲೆ ಕೂರುವ ಬದಲು ಮೊಣಕಾಲೆತ್ತರದ ಸ್ಟೂಲು ತಂದುಕೊಳ್ಳಿ ಎಂದೆ. "ಗಿರಾಕಿ ನಿಂತಿರ್ತಾರೆ, ನಾನು ಸ್ಟೂಲ್ ಮೇಲೆ ಕೂರ್ಲಾ ಸಾರ್?" ಎಂದು ನಕ್ಕರು. ದಿನಕ್ಕೊಂದು ಕಟ್ಟು ಸೊಪ್ಪು ಮಾರದೆ ಮನೆಗೆ ಒಯ್ಯಿರಿ ಎಂದದ್ದಕ್ಕೆ, "ಅದು ಆಯ್ತದೆ" ಎಂದರು.

ನುಗ್ಗೆ ಹಾಕಬೇಕೆನ್ನುವವರು ಬಚ್ಚಲ ನೀರು ಹರಿಯುವ ಜಾಗದಲ್ಲಿ, ಆದರೆ ನೀರು ನಿಲ್ಲದ ಕಡೆ, ಎರಡಡಿ ಆಳ ಅಗಲದ ಗುಂಡಿ ತೆಗೆದು ಕೊಟ್ಟಿಗೆ ಗೊಬ್ಬರ ತುಂಬಿ ಬೀಜ ಹಾಕಬೇಕು. ಪಿ.ಕೆ.ಎಂ. 1 ಅಥವಾ ಭಾಗ್ಯ ತಳಿ ಆಗಬಹುದು. ಆಳೆತ್ತರ ಬಂದಾಗ ತುದಿ ಚಿವುಟಿದರೆ ಕವಲೊಡೆದು ಸೊಪ್ಪು ಕೈಗೆಟುಕುತ್ತದೆ, ಹತ್ತಿ ಕೀಳಬೇಕಾಗಿಲ್ಲ. ಸೈಕಲ್ ಎಡೆಕುಂಟೆಗೆ ಸಹಾಯಧನ ಉಂಟೇ ಎಂದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಪಹಣಿ, ಆಧಾರ್ ಸಮೇತ ವಿಚಾರಿಸಿ. ತಳ್ಳಿ ನೋಡುವಾಗ ಮನೆಯ ಹೆಂಗಸರನ್ನೂ ಕರೆದುಕೊಂಡು ಹೋಗಿ. ಹಿಡಿಯ ಎತ್ತರ ಅವರ ಸೊಂಟಕ್ಕೆ ಹೊಂದಬೇಕು.